ಕೋಟೆ ಹಿಡಿದರೆ ನಾಡು ಗೆದ್ದಂತೆಯೇ?

ಚುನಾವಣೆ ಫಲಿತಾಂಶ ಬಂದಾಗ ಶಿವಮೊಗ್ಗ, ಭದ್ರಾವತಿಯ ಸುದ್ದಿಗಳಲ್ಲಿ ‘ಕೋಟೆ ವಶ’, ‘ದಿಗ್ವಿಜಯ’ ಎಂಬ ಮಾತುಗಳು ಧಾರಾಳವಾಗಿ ಕಾಣಿಸಿಕೊಳ್ಳುತ್ತವೆ. ಓದುವವರಿಗೂ ಅದು ರೂಢಿಯಾಗಿದೆ. ಆದರೆ ಒಂದು ನಾಡನ್ನು ಗೆದ್ದು ವಶ ಮಾಡಿಕೊಳ್ಳುವುದೆಂದರೆ ಏನೆಂದು ತಿಳಿಯಲು ನಮ್ಮ ಜಿಲ್ಲೆಯ ಬಿದನೂರಿನ ಚರಿತ್ರೆಯೇ ಸಾಕು.

ಹೊಸನಗರ ತಾಲ್ಲೂಕಿನ ಇಂದಿನ ನಗರವೇ ಅಂದಿನ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿಯ ಸೇನೆ ಅದನ್ನು ಹಿಡಿಯಿತು. ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿ ಕೋಟೆ ಸೇರಿದರು. ಇಷ್ಟು ಯುದ್ಧದ ಗೆಲುವು. ಆಮೇಲೆ ನಡೆದದ್ದು ಇನ್ನೂ ಮುಖ್ಯ. ಊರಿಗೆ ಹೈದರನಗರ ಎಂಬ ಹೆಸರು ಬಂತು, ಹೈದರನ ನಾಣ್ಯಗಳು ಚಲಾವಣೆಗೆ ಬಂದವು. ಆ ಚಿನ್ನದ ವರಾಹವನ್ನು ಹತ್ತಿರದಿಂದ ನೋಡಬೇಕು. ಒಂದು ಬದಿಯಲ್ಲಿ ಕುಳಿತ ಶಿವ ಪಾರ್ವತಿಯರು, ಕೆಳದಿಯವರ ವರಾಹದಲ್ಲಿ ಇದ್ದಂತೆಯೇ. ಇನ್ನೊಂದು ಬದಿಯಲ್ಲಿ ಹೈದರನ ಹೆಸರಿನ ಪರ್ಶಿಯನ್ ಮೊದಲಕ್ಷರ. ಸೋತ ಮನೆತನದ ನಾಣ್ಯದ ಮೇಲೆ ಪೇಟೆಯವರಿಗಿದ್ದ ನಂಬಿಕೆ ಗೆದ್ದವನಿಗೂ ಬೇಕಾಗಿತ್ತು ಎಂದೇ ನನಗೆ ತೋರುತ್ತದೆ. ಕಂದಾಯದ ಕಥೆಯೂ ಹೀಗೆಯೇ. 1645ರಿಂದ 1660ರವರೆಗೆ ಕೆಳದಿಯನ್ನು ಆಳಿದ ಶಿವಪ್ಪ ನಾಯಕ ಮಣ್ಣಿನ ಗುಣ, ಬೆಳೆಯ ಪ್ರಮಾಣ ನೋಡಿ ಗೊತ್ತುಮಾಡಿದ ‘ಶಿಸ್ತು’ ರಾಜ್ಯ ಹೋದ ಮೇಲೂ ಲೆಕ್ಕದ ಪುಸ್ತಕಗಳಲ್ಲಿ ಉಳಿಯಿತು.

ಇದಕ್ಕೆ ಪಕ್ಕದಲ್ಲೇ 1783 ಅನ್ನು ಇಟ್ಟು ನೋಡಿ. ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್ ನೇತೃತ್ವದ ಇಂಗ್ಲಿಷ್ ಪಡೆಗೆ ಅದೇ ಕೋಟೆ ಸಿಕ್ಕಿತು. ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿದ, ಇಂಗ್ಲಿಷರು ಶರಣಾದರು. ಅವರ ಹೆಸರಿನಲ್ಲಿ ಅಲ್ಲಿ ಆಡಳಿತ ಬೇರೂರಲಿಲ್ಲ. ಇದು ಕೋಟೆ ಕೈಗೆ ಬಂದದ್ದು ಮಾತ್ರ, ನಾಡನ್ನು ಗೆದ್ದುಕೊಂಡದ್ದಲ್ಲ. ಬಲದಿಂದ ಹಿಡಿಯುವುದು, ಹಿಡಿದದ್ದನ್ನು ತನ್ನದೆಂದು ಆಳುವುದು, ಎರಡೂ ಸೇರಿದರೆ ಮಾತ್ರ ನಾಡನ್ನು ಗೆದ್ದುಕೊಳ್ಳುವುದು ಎಂಬ ಮಾತಿನ ಅರ್ಥ ಪೂರ್ತಿಯಾಗುತ್ತದೆ.

ಹಳಬರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ‘ಅರ್ಥಶಾಸ್ತ್ರ’ ಎಂಬ ಹಳೆಯ ರಾಜನೀತಿ ಗ್ರಂಥ ಗೆಲ್ಲುವವರಲ್ಲಿ ಮೂರು ಬಗೆ ಹೇಳುತ್ತದೆ. ಧರ್ಮವಿಜಯಿಗೆ ಎದುರಾಳಿ ತಲೆಬಾಗಿದರೆ ಸಾಕು. ಲೋಭವಿಜಯಿಗೆ ಭೂಮಿ, ಹಣ ಬೇಕು. ಅಸುರವಿಜಯಿಗೆ ಸೋತವನ ಹೆಂಡತಿ ಮಕ್ಕಳೂ ಪ್ರಾಣವೂ ಬೇಕು. ‘ದಿಗ್ವಿಜಯ’ ಎಂಬ ಮೆರವಣಿಗೆಯ ಮಾತು ಈ ಮೂರನ್ನೂ ಒಂದೇ ಹೊದಿಕೆಯಡಿ ಮುಚ್ಚಿಬಿಡುತ್ತದೆ, ಸೋತವರಿಗೆ ಏನಾಯಿತೆಂದು ಕೇಳಲು ಜಾಗವೇ ಉಳಿಯುವುದಿಲ್ಲ. ಪಠ್ಯಪುಸ್ತಕದಲ್ಲಿ ಇಸವಿ ಕಲಿಸುವ ಮೇಷ್ಟ್ರುಗಳು ಆ ಪ್ರಶ್ನೆಯನ್ನೂ ಕೇಳಿಸಬೇಕು.

ಗೆದ್ದ ನೆಲ ಗೆದ್ದವನದು ಎಂಬುದು ಒಂದು ಕಾಲಕ್ಕೆ ರಾಜ್ಯಗಳ ನಡುವಿನ ಕಾನೂನೇ ಆಗಿತ್ತು. 1945ರ ವಿಶ್ವಸಂಸ್ಥೆಯ ಸನ್ನದು ಇನ್ನೊಂದು ದೇಶದ ನೆಲದ ಮೇಲೆ ಬಲಪ್ರಯೋಗ ಮಾಡುವುದನ್ನು ನಿಷೇಧಿಸಿತು. ಇಂದು ಯಾವ ದೇಶವೂ ಸೈನ್ಯ ಬಲದಿಂದ ಹಿಡಿದ ನೆಲಕ್ಕೆ ಹಕ್ಕುಪತ್ರ ಕೇಳುವಂತಿಲ್ಲ. ಹಾಗೆ ಹಿಡಿಯುವವರು ಇದ್ದಾರೆ, ಅದು ಬೇರೆ ಮಾತು.

ಹಾಗಿರುವಾಗ ಮತ ಎಣಿಕೆಯ ದಿನಕ್ಕೆ ಈ ಭಾಷೆ ಸಲ್ಲದು. ಮತದಾರ ಐದು ವರ್ಷಕ್ಕೆ ಅಧಿಕಾರ ಕೊಡುತ್ತಾನೆ, ಊರನ್ನು ಯಾರ ವಶಕ್ಕೂ ಕೊಡುವುದಿಲ್ಲ. ಸುದ್ದಿ ಬರೆಯುವ ಗೆಳೆಯರು ‘ಗೆದ್ದರು’ ಎಂದಷ್ಟೇ ಬರೆಯಲಿ.