ಕಿವಿ ಮರೆತರೂ ಹೃದಯ ಮರೆಯದ ಸದ್ದು

ಹೆದ್ದಾರಿಯ ಬದಿಯಲ್ಲಿ ವಾಸಿಸುವವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: 'ಮೊದಮೊದಲು ಕಷ್ಟವಾಗುತ್ತಿತ್ತು, ಈಗ ಅಭ್ಯಾಸವಾಗಿದೆ.' ನಾವೂ ಹಾಗೆ ಹೇಳಿಕೊಂಡು ಸಮಾಧಾನಪಟ್ಟವರೇ. ಆದರೆ ಅಭ್ಯಾಸವಾಗುವುದು ನಮ್ಮ ಗಮನಕ್ಕೆ ಮಾತ್ರ, ಹೃದಯಕ್ಕಲ್ಲ.

ಕರ್ಕಶ ಸದ್ದನ್ನು ಮೆದುಳು ಅಪಾಯದ ಸೂಚನೆಯೆಂದೇ ಬಗೆಯುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಸ್ರವಿಸುತ್ತವೆ. ನಾಡಿ ಚುರುಕಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ಆದ್ದರಿಂದ ನಿದ್ದೆಯಲ್ಲೂ ಈ ಕ್ರಿಯೆ ನಿಲ್ಲುವುದಿಲ್ಲ. ಯುರೋಪಿನ ವಿಮಾನ ನಿಲ್ದಾಣಗಳ ಸುತ್ತಲಿನ ನಿವಾಸಿಗಳನ್ನು ರಾತ್ರಿಯ ವೇಳೆ ಪರೀಕ್ಷಿಸಿದ ಸಂಶೋಧಕರು, ಮಲಗಿದ್ದವರ ರಕ್ತದೊತ್ತಡವು ವಿಮಾನ ಹಾಗೂ ವಾಹನಗಳ ಸದ್ದಿನೊಡನೆ ಏರುವುದನ್ನು ಕಂಡಿದ್ದಾರೆ. ಒಂದೆರಡು ರಾತ್ರಿಯ ಮಾತಾದರೆ ದೇಹ ಸಾವರಿಸಿಕೊಂಡೀತು. ವರ್ಷಗಟ್ಟಲೆ ಹೀಗೆಯೇ ನಡೆದರೆ ರಕ್ತನಾಳಗಳ ಒಳಪದರ ಉರಿಯೂತಕ್ಕೆ ಗುರಿಯಾಗಿ, ಅಧಿಕ ರಕ್ತದೊತ್ತಡ ಮತ್ತು ಹೃದಯಾಘಾತದ ಸಾಧ್ಯತೆ ಹೆಚ್ಚುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಯುರೋಪಿಗಾಗಿ ಪ್ರಕಟಿಸಿದ ಮಾರ್ಗಸೂಚಿಯು, ರಸ್ತೆ ಸಂಚಾರದ ಸರಾಸರಿ ಸದ್ದು 53 ಡೆಸಿಬಲ್‌ಗಿಂತಲೂ ರಾತ್ರಿಯದು 45 ಡೆಸಿಬಲ್‌ಗಿಂತಲೂ ಕಡಿಮೆಯಿರಬೇಕೆನ್ನುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳೂ ವಸತಿ ಪ್ರದೇಶಗಳಿಗೆ ಹಗಲು 55, ರಾತ್ರಿ 45 ಡೆಸಿಬಲ್‌ಗಳ ಮಿತಿ ವಿಧಿಸಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ತುರ್ತು ಸಂದರ್ಭದ ಹೊರತು ಹಾರ್ನ್ ಬಾರಿಸುವಂತಿಲ್ಲ. ಕಾನೂನಿದೆ, ಪಾಲನೆ ಎಲ್ಲಿದೆ?

ಸರಕಾರವನ್ನು ದೂರುವುದು ಸುಲಭ. ರಸ್ತೆಯಿಂದ ಮುಳ್ಳನ್ನು ಸರಿಸುವುದು ಪುಣ್ಯಕಾರ್ಯವೆಂದು ಮಕ್ಕಳಿಗೆ ಕಲಿಸುವ ನಾವು, ಅದೇ ರಸ್ತೆಯಲ್ಲಿ ಹಾರ್ನ್ ಒತ್ತುವಾಗ ಏನನ್ನು ಎಸೆಯುತ್ತಿದ್ದೇವೆ? ಗೆಳೆಯನನ್ನು ಕರೆಯಲು ಅವನ ಮನೆಯ ಮುಂದೆ ಬಾರಿಸುವ ಹಾರ್ನ್, ಮದುವೆಯ ದಿಬ್ಬಣದ ಗದ್ದಲ, ಸೈಲೆನ್ಸರ್ ಕಳಚಿದ ಬೈಕಿನಲ್ಲಿ ನಡುರಾತ್ರಿ ಮರಳುವ ಮಗ, ಇವೆಲ್ಲ ನಮ್ಮ ಮನೆಗಳಿಂದಲೇ ಹೊರಟವಲ್ಲವೇ? ಪಕ್ಕದ ಮನೆಯಲ್ಲಿ ಹೃದ್ರೋಗಿಯೊಬ್ಬರು ಮಲಗಿರಬಹುದು. ಹಸಿದ ನೆರೆಯವನನ್ನು ಮರೆತು ಉಣ್ಣಬಾರದೆಂದು ಬಲ್ಲ ನಮಗೆ, ಅವನ ನಿದ್ದೆಯೂ ಅವನ ಹಕ್ಕೆಂಬುದು ಏಕೆ ಹೊಳೆಯುವುದಿಲ್ಲ?

ಎಲ್ಲರಿಗೂ ಮನೆ ಬದಲಿಸಲು ಸಾಧ್ಯವಿಲ್ಲ, ನಿಜ. ಆದರೆ ಹಿರಿಯರ ಹಾಸಿಗೆಯನ್ನು ರಸ್ತೆಯಿಂದ ದೂರದ ಕೋಣೆಗೆ ಸರಿಸಬಹುದು. ಅವರ ರಕ್ತದೊತ್ತಡವನ್ನು ಆಗಾಗ ಪರೀಕ್ಷಿಸಬಹುದು. ಎಲ್ಲಕ್ಕಿಂತ ಮೊದಲು, ಹಾರ್ನಿನ ಮೇಲಿರುವ ನಮ್ಮದೇ ಹೆಬ್ಬೆರಳನ್ನು ಹಿಂತೆಗೆಯಬಹುದು. ಅದಕ್ಕೆ ಯಾವ ಕಚೇರಿಯ ಅನುಮತಿಯೂ ಬೇಕಿಲ್ಲ.