ಬೋರ್ಡು ನೋಡದೆ ಬಸ್ಸು ಹತ್ತಬೇಡಿ, ಟೀಚರೇ!

ಬಿಜೈಯ ಕೆ.ಎಸ್.ಆರ್.ಟಿ.ಸಿ. ಬಸ್‌ಸ್ಟ್ಯಾಂಡಿನಲ್ಲಿ ದಿನವೂ ಬಸ್ಸು ಕಾಯುವವರಿಗೆ ಗೊತ್ತುಂಟು, ಬೋರ್ಡು ಓದದೆ ಯಾರೂ ಬಸ್ಸು ಹತ್ತುವುದಿಲ್ಲ. ಓದಿದ ಮೇಲೂ ಕಂಡಕ್ಟರನ ಹತ್ತಿರ "ಧರ್ಮಸ್ಥಳಕ್ಕೆ ಹೋಗ್ತದಾ?" ಅಂತ ಕೇಳಿಯೇ ಮೆಟ್ಟಿಲಿಗೆ ಕಾಲಿಡುವುದು. ಎರಡು ಮೂರು ಗಂಟೆಯ ದಾರಿಗೆ ಇಷ್ಟು ವಿಚಾರಣೆ ಮಾಡುವ ನಮ್ಮ ಜನ, ದುಬೈಗೋ ಕುವೈತಿಗೋ ಮಾಲ್ದೀವ್ಸಿಗೋ ಟೀಚರ್ ಕೆಲಸಕ್ಕೆ ಹೊರಡುವಾಗ ಮಾತ್ರ ಏಜೆಂಟನ ಒಂದು ಫೋನು ನಂಬಿ ಕೊರಳಿನ ಚಿನ್ನ ಅಡವಿಡುತ್ತಾರೆ. ಇದಕ್ಕೆ ಏನು ಹೇಳುವುದು ಮಾರಾಯ್ರೆ?

ಹೋಗಬೇಡಿ ಎಂದು ಹೇಳಲಿಕ್ಕೆ ಈ ಅಂಕಣ ಬರೆದದ್ದಲ್ಲ. ಹೋಗದೆ ಏನು ಮಾಡಿಯಾರು? ಬಿ.ಎ., ಬಿ.ಎಡ್. ಮಾಡಿದ ಹುಡುಗಿ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಎಂದು ಸೇರಿದರೆ ತಿಂಗಳಿಗೆ ಸಿಗುತ್ತಿದ್ದದ್ದು ಹತ್ತು ಸಾವಿರದ ಆಸುಪಾಸು. 2025ರ ಮಾರ್ಚ್ ಬಜೆಟಿನಲ್ಲಿ ಅದಕ್ಕೆ 2,000 ರೂಪಾಯಿ ಸೇರಿಸಿದರು. ಬೇಸಗೆ ರಜೆಯಲ್ಲಿ ಅದೂ ಇಲ್ಲ. ಅತಿಥಿ ಅಂತ ಹೆಸರು ಚಂದ ಉಂಟು, ಸತ್ಕಾರ ಮಾತ್ರ ಕಾಣುವುದಿಲ್ಲ. ಪಿ.ಯು.ಸಿ.ಯನ್ನು ಅರ್ಧಕ್ಕೇ ಬಿಟ್ಟ ಈ ಬರಹಗಾರನಿಗೂ ಈ ಲೆಕ್ಕ ಸರಿ ಕಾಣುವುದಿಲ್ಲ. ಅಂಗಡಿಯ ಧಣಿಗಳೇ, ನೀವೇ ಹೇಳಿ, ಇಷ್ಟು ಸಂಬಳಕ್ಕೆ ನಿಮಗೆ ಒಬ್ಬ ಒಳ್ಳೆ ಸೇಲ್ಸ್‌ಮನ್ ಸಿಗ್ತಾನಾ?

ಟೀಚರುಗಳು ಕಡಲು ದಾಟುವುದೂ ಹೊಸತಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ, 1974ರ ಕ್ರಾಂತಿಗೆ ಮೊದಲು, ನಮ್ಮ ದೇಶದಿಂದ, ಮುಖ್ಯವಾಗಿ ಕೇರಳದಿಂದ, ಮೇಷ್ಟ್ರುಗಳು ಇಥಿಯೋಪಿಯಾಕ್ಕೆ ಹೋಗಿ ಕಲಿಸಿದರು. ಆಮೇಲೆ ಗಲ್ಫ್ ತೆರೆಯಿತು. ಬಹರೈನಿನ ಇಂಡಿಯನ್ ಸ್ಕೂಲು 1950ರದ್ದು, ದುಬೈಯ ಇಂಡಿಯನ್ ಹೈಸ್ಕೂಲು 1961ರದ್ದು. ಇವತ್ತು ಪರದೇಶಗಳಲ್ಲಿ ಸಿ.ಬಿ.ಎಸ್.ಇ. ಶಾಲೆಗಳೇ 200ಕ್ಕೂ ಹೆಚ್ಚು. ಹಿಂದೆ ಗಲ್ಫಿಗೆ ಹೋಗುವವರು ಮೊದಲು ಬೊಂಬಾಯಿ ಬಸ್ಸು ಹಿಡಿಯಬೇಕಿತ್ತು. 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಬಂತು. ದಾರಿ ಹತ್ತಿರವಾಯಿತು. ದಾರಿಯಲ್ಲಿ ಕೂತು ದುಡ್ಡು ಕೀಳುವವರೂ ಹತ್ತಿರವಾದರು!

ಈಗ ಕಾನೂನಿನ ಒಂದು ತಮಾಷೆ ನೋಡಿ. 1983ರ ವಲಸೆ ಕಾಯ್ದೆಯ ಲೆಕ್ಕದಲ್ಲಿ ಹತ್ತನೇ ಪಾಸಾಗದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಅನುಮತಿ ಬೇಕು. ಅವರ ಕರಾರು ಪತ್ರವನ್ನು ಅಧಿಕಾರಿ ನೋಡಬೇಕು. ಹತ್ತನೇ ಪಾಸಾದವರಿಗೆ ಅದು ಬೇಡ. ಓದಿದವರಲ್ಲವಾ, ಅವರಿಗೆ ಎಲ್ಲಾ ಗೊತ್ತಾಗ್ತದೆ ಎಂಬ ಅಂದಾಜು. ಹಾಗಾಗಿ ಗಾರೆ ಕೆಲಸದವನ ಕಾಗದವನ್ನು ನೋಡಲಿಕ್ಕೆ ಒಬ್ಬರಾದರೂ ಇದ್ದಾರೆ, ಡಬಲ್ ಡಿಗ್ರಿಯ ಟೀಚರ ಕಾಗದವನ್ನು ಕೇಳುವವರೇ ಇಲ್ಲ. 2018ರಲ್ಲಿ ಇವರೂ ಹೊರಡುವ ಮೊದಲು ಹೆಸರು ನೋಂದಾಯಿಸಲೇಬೇಕು ಎಂದು ದೆಹಲಿಯವರು ಆಜ್ಞೆ ಮಾಡಿದರು. ಗಲಾಟೆಯಾಯಿತು, ಅದನ್ನು ತಡೆಹಿಡಿದರು. ಈಗ ಬೇಕಾದವರು ಮಾಡಿಕೊಳ್ಳಬಹುದು, ಅಷ್ಟೆ.

ದಾದಿಯರ ವಿಷಯದಲ್ಲಿ ಹೀಗಾಗಲಿಲ್ಲ. ಕುವೈತಿಗೆ ನರ್ಸುಗಳನ್ನು ಕಳಿಸುವ ನೆಪದಲ್ಲಿ ಒಬ್ಬೊಬ್ಬರಿಂದ ಲಕ್ಷಗಟ್ಟಲೆ ಸುಲಿದ ಹಗರಣ ಬಯಲಾದಾಗ, 2015ರಲ್ಲಿ ಸರಕಾರ ಹೊಸ ನಿಯಮ ತಂತು. ಎಷ್ಟೇ ಓದಿರಲಿ, ಆ 18 ದೇಶಗಳಿಗೆ ಹೋಗುವ ನರ್ಸಿಗೆ ಅನುಮತಿ ಬೇಕು, ನೇಮಕ ಸರಕಾರಿ ಸಂಸ್ಥೆಗಳ ಮೂಲಕ ಆಗಬೇಕು ಎಂದಿತು. ನರ್ಸಿಗೆ ಆದದ್ದು ಟೀಚರಿಗೆ ಯಾಕೆ ಆಗುವುದಿಲ್ಲ? ಟೀಚರುಗಳ ದೊಡ್ಡ ಹಗರಣವೊಂದು ಆಗುವ ತನಕ ಕಾಯಬೇಕೋ?

ಅಲ್ಲಿಯವರೆಗೆ ನಮ್ಮ ಜಾಗ್ರತೆ ನಾವೇ ಮಾಡಬೇಕು. ಅಂಗಡಿಯಲ್ಲಿ ಐನೂರರ ನೋಟು ಕೊಟ್ಟರೆ ಬೆಳಕಿಗೆ ಹಿಡಿದು ನೋಡ್ತೀರಲ್ಲ, ಹಾಗೆಯೇ ಆಫರ್ ಲೆಟರನ್ನೂ ನೋಡಿ.

ಒಂದು: ಏಜೆಂಟನಿಗೆ ವಿದೇಶಾಂಗ ಇಲಾಖೆಯ ಲೈಸೆನ್ಸು ಉಂಟೋ? ಇ-ಮೈಗ್ರೇಟ್ ಎಂಬ ಸರಕಾರಿ ಜಾಲತಾಣದಲ್ಲಿ ಹೆಸರು ಹಾಕಿ ನೋಡಬಹುದು. ಮೊಬೈಲ್ ಇದ್ದ ಮಗನ ಕೈಯಲ್ಲಿ ಹುಡುಕಿಸಿ.

ಎರಡು: ಲೈಸೆನ್ಸು ಇದ್ದವನೂ ಕೇಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಅದಕ್ಕೂ ರಶೀದಿ ಕೊಡಬೇಕು. ಎರಡು ಲಕ್ಷ, ಮೂರು ಲಕ್ಷ ಎಂದ ಕೂಡಲೇ ಎದ್ದು ಬನ್ನಿ. ಯು.ಎ.ಇ.ಯ ಕಾನೂನಿನಲ್ಲಂತೂ ನೇಮಕದ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡಲಿಕ್ಕೇ ಇಲ್ಲ.

ಮೂರು: "ಮೊದಲು ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಸರಿ ಮಾಡುವ" ಎಂದರೆ ಒಪ್ಪಬೇಡಿ. ಆ ವೀಸಾದಲ್ಲಿ ಕೆಲಸ ಮಾಡಿದರೆ ಅಲ್ಲಿ ಅಪರಾಧಿ ನೀವೇ. ಸಂಬಳ ಕೊಡದಿದ್ದರೂ ದೂರು ಕೊಡಲಿಕ್ಕೆ ಬಾಯಿ ಇರುವುದಿಲ್ಲ.

ನಾಲ್ಕು: ಡಿಗ್ರಿ ಸರ್ಟಿಫಿಕೇಟಿಗೆ ಸೀಲು ಹಾಕಿಸುವ ನೆಪದಲ್ಲಿ ಅಸಲು ಪ್ರತಿಯನ್ನು ಏಜೆಂಟನ ಮೇಜಿನಲ್ಲಿ ಬಿಟ್ಟು ಬರಬೇಡಿ. ಅದು ಅವನ ಕೈಗೆ ಹೋದರೆ ನಿಮ್ಮ ಜುಟ್ಟು ಹೋದ ಹಾಗೆ.

ಸಂಶಯ ಬಂದರೆ ಕೇಂದ್ರ ಸರಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಉಂಟು, ನಂಬರು 1800113090. ಕರೆಗೆ ದುಡ್ಡಿಲ್ಲ.

ಆದರೆ ಎಲ್ಲವನ್ನೂ ಟೀಚರ ತಲೆಗೇ ಕಟ್ಟಿ ಸರಕಾರ ಕೈ ತೊಳೆದುಕೊಳ್ಳಬಾರದು. ತಲಪಾಡಿ ದಾಟಿದರೆ ಕೇರಳ. ಅಲ್ಲಿ ಪರದೇಶದ ಕೆಲಸಕ್ಕೆ ಜನ ಕಳಿಸಲಿಕ್ಕೆಂದೇ ಸರಕಾರದ್ದೇ ಸಂಸ್ಥೆ ಒಡೆಪೆಕ್ 1977ರಿಂದ ಉಂಟು. ಅನಿವಾಸಿಗಳ ಕಷ್ಟಸುಖ ನೋಡಲಿಕ್ಕೆ ನೋರ್ಕಾ ಬೇರೆ ಉಂಟು. ಗಲ್ಫಿನ ದುಡ್ಡಿನಿಂದ ಮನೆ, ಮದುವೆ, ಅಂಗಡಿ ಎಲ್ಲಾ ಕಂಡ ನಮ್ಮ ಜಿಲ್ಲೆಯಲ್ಲಿ ವಿಚಾರಿಸಲಿಕ್ಕೆ ಬೆಂಗಳೂರಿನ ಕಡೆ ನೋಡುವ ಪರಿಸ್ಥಿತಿ ಯಾಕೆ? ಬಿಜೈ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಣೆಯ ಕಿಟಕಿ ಇರುವ ಹಾಗೆಯೇ, ಪರದೇಶಕ್ಕೆ ಹೋಗುವವರ ಕಾಗದ ಓದಿ "ಇದು ಸರಿ, ಇದು ಸುಳ್ಳು" ಎನ್ನುವ ಒಂದು ಕಿಟಕಿ ಇಡಲಿ. ಒಂದು ಮೇಜು, ಒಂದು ಕಂಪ್ಯೂಟರು, ಒಬ್ಬ ಗುಮಾಸ್ತ, ಇಷ್ಟೇ ಖರ್ಚು. ಶಾಸಕರು, ಸಂಸದರು ವೋಟು ಕೇಳಲಿಕ್ಕೆ ಬಂದಾಗ ಚಹಾ ಕೊಟ್ಟು ಇದನ್ನು ಕೇಳಿ.

ಇನ್ನೊಂದು ಮಾತು. ನಮ್ಮ ಒಳ್ಳೆ ಟೀಚರು ಶಾರ್ಜಾದಲ್ಲಿ ಪಾಠ ಮಾಡಿದರೆ ಅಲ್ಲಿಯ ಮಕ್ಕಳಿಗೆ ಲಾಭ. ನಮ್ಮ ಮಕ್ಕಳಿಗೆ ಯಾರು? ಊರಲ್ಲೇ ಮರ್ಯಾದೆಯ ಸಂಬಳ ಕೊಟ್ಟರೆ ಅರ್ಧ ಜನ ಪಾಸ್‌ಪೋರ್ಟಿನ ಸುದ್ದಿಗೇ ಹೋಗಲಿಕ್ಕಿಲ್ಲ. ಹೋಗುವವರು ಆಸೆಯಿಂದ ಹೋಗಲಿ, ಹೊಟ್ಟೆಗಿಲ್ಲದೆ ಓಡಿಹೋಗುವುದು ಬೇಡ.