ಕತೆ ಕದಲದಿದ್ದರೆ ನೀವಾದರೂ ಏಳಿ

"ಎಂತ ಡಾಕ್ಟ್ರೇ, ಆರು ಕಂತು ನೋಡಿ ಆಯಿತು. ಆ ಆಕಾಶನೌಕೆ ಇನ್ನೂ ಹೊರಟೇ ಇಲ್ಲ ಮಾರಾಯ್ರೇ!"

ರಕ್ತದೊತ್ತಡದ ತಪಾಸಣೆಗೆಂದು ಬಂದಿದ್ದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಹೀಗೆ ಸಿಡುಕಿದರು. ಮೊಮ್ಮಗನ ಜತೆ ನೋಡಲು ಕುಳಿತ ವೈಜ್ಞಾನಿಕ ಧಾರಾವಾಹಿಯಂತೆ. ಹಾಗಾದರೆ ಬಿಟ್ಟುಬಿಡಿ ಎಂದೆ. "ಬಿಡುವುದು ಹೇಗೆ? ಕೊನೆಯ ನಿಮಿಷದಲ್ಲಿ ಏನೋ ಒಂದು ತೋರಿಸಿ ನಿಲ್ಲಿಸುತ್ತಾರೆ" ಎಂದರು. ಅಜ್ಜ, ಮೊಮ್ಮಗ ಇಬ್ಬರೂ ಮಲಗುವಾಗ ರಾತ್ರಿ ಒಂದು ಗಂಟೆ.

ಕತೆ ನಿಧಾನವಾದರೆ ಯಾರ ಆರೋಗ್ಯವೂ ಕೆಡುವುದಿಲ್ಲ. ಬೇಸರ ಬಂದ ಮೇಲೂ ಏಳದೆ ಕೂರುತ್ತೇವಲ್ಲ, ತೊಂದರೆ ಇರುವುದು ಅಲ್ಲಿ.

ದೂರದರ್ಶನದಲ್ಲಿ 1998ರಲ್ಲಿ 'ಕ್ಯಾಪ್ಟನ್ ವ್ಯೋಮ್' ಬರುತ್ತಿದ್ದಾಗಲೂ ಮಕ್ಕಳು ಕಾದು ಕಾದು ಸಾಕಾಗುತ್ತಿದ್ದರು. ಆದರೆ ಕಂತು ಮುಗಿದರೆ ಮುಗಿಯಿತು. ಮುಂದಿನದಕ್ಕೆ ಒಂದು ವಾರ. ಮಕ್ಕಳು ಅಂಗಳಕ್ಕೆ ಓಡುತ್ತಿದ್ದರು. ಈಗ ಒಂದು ಮುಗಿದ ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ. ಅಂದು ದೂರದರ್ಶನವೇ ಹಾಕುತ್ತಿದ್ದ ಕಡಿವಾಣವನ್ನು ಇಂದು ಮನೆಯವರೇ ಹಾಕಬೇಕು.

ಅರ್ಧಕ್ಕೆ ನಿಂತ ಕೆಲಸ ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಹೇಳಿದ್ದರು. ನಂತರದ ಪ್ರಯೋಗಗಳೆಲ್ಲ ಇದನ್ನು ಒಪ್ಪಿಲ್ಲ. ಆದರೂ ಕಂತಿನ ಕೊನೆಯ ಕುತೂಹಲ ನಮ್ಮನ್ನು ಹೇಗೆ ಹಿಡಿದಿಡುತ್ತದೆಂಬುದು ಎಲ್ಲರಿಗೂ ಗೊತ್ತು.

ಇದರ ಬೆಲೆ ತೆರುವುದು ನಿದ್ದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ, 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಗ್ಗೆ 6ಕ್ಕೆ ಏಳುವ ಮಗು ರಾತ್ರಿ 9ಕ್ಕಾದರೂ ಮಲಗಬೇಕೆಂದಾಯಿತು. ಬಹುಕಾಲ ನಿದ್ದೆಗೆಟ್ಟವರಲ್ಲಿ ರಕ್ತದೊತ್ತಡ, ಮಧುಮೇಹ ಹೆಚ್ಚು ಕಾಣುತ್ತವೆ. ಮಾತ್ರೆ ನುಂಗಿ ರಾತ್ರಿಯಿಡೀ ಟಿವಿ ಮುಂದೆ ಕೂತರೆ ಏನು ಬಂತು?

ನಮ್ಮ ಊರಿನವರೂ ಇರುಳಿಡೀ ಯಕ್ಷಗಾನ ನೋಡಿದವರೇ ಅಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ಅದು ಅಪರೂಪಕ್ಕೊಂದು ರಾತ್ರಿ. ಪ್ರಸಂಗ ನಿಧಾನವಾದರೆ ಪ್ರೇಕ್ಷಕ ಎದ್ದು ಹೋಗಿ ಚಹಾ ಕುಡಿದು, ಚರುಮುರಿ ತಿಂದು ಬರುತ್ತಿದ್ದ, ಕೂತಲ್ಲೇ ತೂಕಡಿಸುತ್ತಿದ್ದ. ಬೆಳಗಾಗುವಾಗ ಮಂಗಳ ಹಾಡಿದರೆ ಕತೆ ಮುಗಿಯಿತು. ಧಾರಾವಾಹಿಗೆ ಆ ಮಂಗಳವಿಲ್ಲ. 2016ರಲ್ಲಿ ಆರಂಭವಾದ ಅಮೆರಿಕದ 'ಸ್ಟ್ರೇಂಜರ್ ಥಿಂಗ್ಸ್' ಮುಗಿದದ್ದು 2025ರ ಕೊನೆಗೆ.

ಹಾಗೆಂದು ನೋಡಲೇಬಾರದು ಎನ್ನುವುದಿಲ್ಲ. ಅಜ್ಜನೂ ಮೊಮ್ಮಗನೂ ಒಟ್ಟಿಗೆ ಕೂರುವುದು ಒಳ್ಳೆಯದೇ. ಎಷ್ಟು ಕಂತು ಎಂಬುದನ್ನು ಮೊದಲೇ ನಿಶ್ಚಯಿಸಿ. ತಾನಾಗಿ ಮುಂದುವರಿಯುವ ಸೌಲಭ್ಯವನ್ನು ಬಂದ್ ಮಾಡಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಮುಖ್ಯವಾಗಿ, ಕಂತಿನ ಕೊನೆಯಲ್ಲಿ ನಿಲ್ಲಿಸಲು ಹೋಗಬೇಡಿ. ಅಲ್ಲಿ ಕುತೂಹಲದ ಕೊಕ್ಕೆ ಇರುತ್ತದೆ. ನಡುವೆ, ಆಕಳಿಕೆ ಬಂದಲ್ಲೇ ನಿಲ್ಲಿಸಿ. ನಿಧಾನದ ಧಾರಾವಾಹಿಯ ಉಪಕಾರವೇ ಇದು: ಏಳಲು ಬೇಕಾದಷ್ಟು ಜಾಗ ಕೊಡುತ್ತದೆ!

ಹಿರಿಯರಿಗೂ ಇದನ್ನೇ ಹೇಳಿ ಕಳುಹಿಸಿದೆ. ನೌಕೆ ನಾಳೆಯೂ ಅಲ್ಲೇ ಇರುತ್ತದೆ. ಕಳೆದ ನಿದ್ದೆ ಹಾಗಲ್ಲ.